ಮರಳುಮೂಟೆಯೂ ಅಸಹಜ ಶಬ್ದವೂ

ಮರಳುಮೂಟೆ ಎಂದರೆ ಮೂಟೆಯಲ್ಲ, ಮನುಷ್ಯ. ಲಿಫ್ಟುಗಳನ್ನು ತಪಾಸಣೆ ಮಾಡುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸವೆಸಿದವನು. ಹೊಸ ಲಿಫ್ಟಿಗೆ ಜನ ಹತ್ತುವ ಮೊದಲು ಅದರಲ್ಲಿ ಮರಳಿನ ಮೂಟೆಗಳನ್ನು ತುಂಬಿ ಮೇಲೆ ಕೆಳಗೆ ಓಡಿಸಿ ನೋಡಬೇಕು. ಆಮೇಲೆ ತಪಾಸಕ ತಾನೊಬ್ಬನೇ ಹತ್ತಬೇಕು. ಅವನು ಕ್ಷೇಮವಾಗಿ ಇಳಿದು ಸಹಿ ಹಾಕಿದರೆ ಮಾತ್ರ ಮಿಕ್ಕವರು. ಇದು ನಿಯಮ. ಬೇರೆ ತಪಾಸಕರು ಎಂಟು ಮೂಟೆ ಹಾಕಬೇಕಾದ ಕಡೆ ನಾಲ್ಕು ಹಾಕಿ, ಚಹಾ ಕುಡಿದು, ಸಹಿ ಗೀಚಿ ಹೋಗುತ್ತಿದ್ದರು. ಇವನು ಎಂಟು ಎಂದಲ್ಲಿ ಹತ್ತು ಹಾಕಿಸುತ್ತಿದ್ದ. ಹಾಗಾಗಿ ಕಚೇರಿಯವರು ಆ ಹೆಸರಿಟ್ಟರು. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು. ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಅವನು ಸಹಿ ಹಾಕಿದ ಒಂದು ಲಿಫ್ಟೂ ಇವತ್ತಿನವರೆಗೆ ಬಿದ್ದಿಲ್ಲ. ಅವನು ಸಹಿ ಹಾಕಿದ ಲಿಫ್ಟುಗಳೇ ಕಡಿಮೆ, ಅದು ಬೇರೆ ಮಾತು.

ಇಂಥವನು ಮನೆಯಲ್ಲಿ ಕೂತು ಹೆಡ್‌ಫೋನಿಗೊಂದು ಆಂಪ್ಲಿಫೈಯರ್ ಮಾಡಲು ಹೊರಟ. ಹೊರಡಿಸಿದವಳು ಅವನ ಅಕ್ಕ.

ಅಕ್ಕ ರೇಡಿಯೋ ಕೇಂದ್ರದಲ್ಲಿ ನಾಟಕಗಳಿಗೆ ಸದ್ದು ಮಾಡುವ ಕೆಲಸದಲ್ಲಿದ್ದವಳು. ಬಾಗಿಲು ಕಿರುಗುಟ್ಟುವುದು, ಬಟ್ಟಲು ಒಡೆಯುವುದು, ಯಾರೋ ಮೆಟ್ಟಿಲು ಹತ್ತಿ ಬರುವುದು, ಎಲ್ಲ ಅವಳ ಕೈಯಿಂದಲೇ. ಅದರಲ್ಲೂ ಕುದುರೆ ಎಂದರೆ ಅವಳೇ. ಎರಡು ತೆಂಗಿನ ಚಿಪ್ಪು ಹಿಡಿದು ಮೇಜಿನ ಮೇಲೆ ಕುಟ್ಟಿದಳೆಂದರೆ ಕೇಳುವವರು ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕು, ಹಾಗೆ. ಮದುವೆಯ ಗೊಡವೆಗೆ ಹೋಗಲಿಲ್ಲ. ನಿವೃತ್ತಳಾದ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದಳು. ಬರುವಾಗ ಎರಡು ಚಿಪ್ಪು, ಒಂದು ಗೋಡೆ ಗಡಿಯಾರ, ಬಿಸ್ಕತ್ತಿನ ಡಬ್ಬಿಯಲ್ಲಿ ಕೇಂದ್ರದವರು ಉಡುಗೊರೆ ಕೊಟ್ಟ ಹಳೆಯ ಸ್ಟುಡಿಯೋ ಹೆಡ್‌ಫೋನು ಮತ್ತು ಒಂದು ನಾಟಕದ ಡಿಸ್ಕು ತಂದಳು.

ಈಗ ಅವಳ ಕಿವಿ ಹೋಗುತ್ತಿತ್ತು. ಬಲಗಿವಿ ಆಗಲೇ ಮುಚ್ಚಿಹೋಗಿತ್ತು. ಎಡಗಿವಿಗೆ ಆರು ತಿಂಗಳೋ ಎಂಟು ತಿಂಗಳೋ ಎಂದು ವೈದ್ಯರು ಹೇಳಿದ್ದರು. ಕಿವಿಗೆ ಹಾಕುವ ಯಂತ್ರ ಕೊಟ್ಟರೆ ಅದನ್ನು ಮೂರು ದಿನ ಹಾಕಿ, ಎಲ್ಲವೂ ತಗಡು ಬಡಿದ ಹಾಗೆ ಕೇಳುತ್ತದೆ, ಇಷ್ಟು ಕೆಟ್ಟ ಸದ್ದನ್ನು ನಾನು ಕೇಂದ್ರದಲ್ಲಿ ಯಾರಿಗೂ ಮಾಡಗೊಟ್ಟಿಲ್ಲ ಎಂದು ಎತ್ತಿಟ್ಟಳು. ವೈದ್ಯರ ಮಾತನ್ನೂ ಅವಳು ನಂಬಲಿಲ್ಲ. ತನ್ನ ಕಿವಿಯನ್ನು ತಾನೇ ಅಳೆದಳು. ಪ್ರತಿ ಭಾನುವಾರ ಬೆಳಿಗ್ಗೆ ಗಡಿಯಾರದ ಮುಂದೆ ನಿಂತು, ಟಿಕ್ ಟಿಕ್ ಕೇಳುತ್ತಿರುವಷ್ಟೂ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಕೇಳದಾದ ಜಾಗದಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೊಂದು ಗೆರೆ ಎಳೆಯುವಳು. ಮೊದಲ ಗೆರೆ ಹೊಸ್ತಿಲ ಮೇಲಿತ್ತು. ಗೆರೆ ಗೋಡೆ ಮುಟ್ಟಿದ ದಿನ ಅಂಗಡಿ ಬಾಗಿಲು ಹಾಕಿದ ಹಾಗೆ ಎಂದಳು.

ಅದಕ್ಕೆ ಮೊದಲು ಆ ಡಿಸ್ಕನ್ನು ಒಮ್ಮೆ ಕೇಳಬೇಕು. ಅದರಲ್ಲಿರುವುದು ಅವಳ ಕಟ್ಟಕಡೆಯ ಕುದುರೆ. ಆ ಹೆಡ್‌ಫೋನು ಸ್ಟುಡಿಯೋದ ದೊಡ್ಡ ಯಂತ್ರಕ್ಕೆಂದು ಮಾಡಿದ್ದು; ಮನೆಯ ಪ್ಲೇಯರಿಗೆ ಚುಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಮಾತ್ರ ಕೇಳುತ್ತಿತ್ತು. ನಡುವೆ ಒಂದು ಆಂಪ್ಲಿಫೈಯರ್ ಬೇಕು. ನೀನು ಇಡೀ ಲಿಫ್ಟನ್ನೇ ಮೇಲೆ ಎತ್ತಿಸುತ್ತೀಯ, ಸದ್ದನ್ನು ಎತ್ತಲಾರೆಯೇನೋ ಎಂದು ಅವಳು ಕೇಳಿದಾಗ ತಮ್ಮ ತಲೆ ಕೆರೆದುಕೊಳ್ಳುತ್ತ ಹೂಂ ಎಂದ.

ಹೂಂ ಎಂದವನ ಎದೆ ಒಳಗೊಳಗೇ ಧಸಕ್ಕೆಂದಿತ್ತು. ಯಾಕೆಂದರೆ ಆ ಡಿಸ್ಕಿನಲ್ಲಿ ಕುದುರೆಯ ಬೆನ್ನಿಗೇ ಒಂದು ಸೀನಿತ್ತು, ನಾಟಕದ ಸೀನಲ್ಲ, ಮೂಗಿನ ಸೀನು.

ಆ ಸೀನಿನ ಕಥೆ ಹೀಗೆ. ಮೂವತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿದ್ದಾಗ, ಅವನನ್ನು ರೇಡಿಯೋ ಕೇಂದ್ರದ ಹೊಸ ಲಿಫ್ಟಿಗೆ ಮೂಟೆ ಹೊರಲು ಕಳಿಸಿದ್ದರು. ಮೂಟೆ ಇಳಿಸಿ, ಮೈತುಂಬ ಮರಳಿನ ದೂಳು ಹೊತ್ತು, ಅಕ್ಕ ಕೆಲಸ ಮಾಡುವುದನ್ನು ನೋಡೋಣವೆಂದು ಕೆಂಪು ದೀಪ ಉರಿಯುತ್ತಿದ್ದ ಸ್ಟುಡಿಯೋದೊಳಗೆ ಕಳ್ಳನ ಹಾಗೆ ನುಸುಳಿ ಪರದೆಯ ಹಿಂದೆ ನಿಂತ. ನಾಟಕ ನೇರ ಪ್ರಸಾರವಾಗುತ್ತಿತ್ತು, ಜೊತೆಗೇ ಧ್ವನಿಮುದ್ರಣವೂ ನಡೆದಿತ್ತು. ಮಗ ಕುದುರೆಯೇರಿ ಓಡೋಡಿ ಬರುತ್ತಾನೆ, ಕುದುರೆ ನಿಲ್ಲುತ್ತದೆ, ಅಷ್ಟರಲ್ಲಿ ತಾಯಿಯ ಪ್ರಾಣ ಹೋಗಿದೆ. ಗಾಢ ಮೌನ. ಆ ಮೌನದಲ್ಲಿ ಇವನು ಸೀನಿದ. ಅವನ ಸೀನು ಒಂದೇ ಏಟಿಗೆ ಮುಗಿಯುವಂಥದ್ದಲ್ಲ. ಮೊದಲು ಎರಡು ಸಣ್ಣದು, ಆಮೇಲೆ ಗೋಡೆ ಅದುರುವಂಥ ಒಂದು ದೊಡ್ಡದು. ಮೂರೂ ಪ್ರಸಾರವಾದವು. ಸತ್ತ ತಾಯಿ ಬದುಕಿದಳೇ ಎಂದು ಕೇಳಿ ಕೇಂದ್ರಕ್ಕೆ ಅರವತ್ತಕ್ಕೂ ಮೇಲೆ ಕಾಗದ ಬಂದವು. ಒಬ್ಬರು ಸೀತಕ್ಕೆ ಔಷಧಿಯನ್ನೂ ಬರೆದು ಕಳಿಸಿದ್ದರು.

ಸೀನು ಬಂದದ್ದು ಅಕ್ಕನ ಮೈಕಿನಿಂದ. ನಾಟಕದ ನಿರ್ದೇಶಕರು ಅವಳ ಮೇಲೆ ಹಾರಿಬಿದ್ದರು. ಅವಳು ತುಟಿ ಬಿಚ್ಚಲಿಲ್ಲ. ಅಂದಿನಿಂದ ಅವಳಿಗೆ ಕುದುರೆ ಕೊಡಲಿಲ್ಲ. ಬಾಗಿಲು, ಬಟ್ಟಲು, ಚಪ್ಪಲಿ, ಇಷ್ಟೇ. ಕೇಂದ್ರದಲ್ಲಿ ಅವಳಿಗೆ ಸೀನಕ್ಕ ಎಂದು ಹೆಸರು ಬಿತ್ತು, ನಿವೃತ್ತಿಯ ದಿನ ಮಾತಾಡಿದವರೂ ಹಾಗೇ ಕರೆದರು. ಪರದೆಯ ಹಿಂದಿನಿಂದ ಹಿಂಬಾಗಿಲು ಹಿಡಿದು ಓಡಿದ ತಮ್ಮ ಮಾತ್ರ ಬಾಯಿಗೆ ಬೀಗ ಹಾಕಿಕೊಂಡ. ಮೊದಲು ಕೆಲಸದ ಭಯ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ದಿನ ಹೇಳದ್ದನ್ನು ಈಗ ಹೇಗೆ ಹೇಳಲಿ ಎಂಬ ಮುಜುಗರ. ಆ ಸ್ಟುಡಿಯೋ ಹೆಡ್‌ಫೋನಿನಲ್ಲಾದರೋ ನೊಣ ಕಾಲು ಉಜ್ಜಿದ್ದೂ ಕೇಳುತ್ತದೆ. ಅಕ್ಕ ಅದನ್ನು ಹಾಕಿಕೊಂಡು ಕೇಳಿದಳೆಂದರೆ ಸೀನು ಯಾರದೆಂದು ಗೊತ್ತಾಗಿ ಮುಗಿಯಿತು ಕಥೆ.

ಆದರೂ ಆಂಪ್ಲಿಫೈಯರು ಎರಡೇ ವಾರದಲ್ಲಿ ತಯಾರಾಯಿತು, ಅದು ಅವನ ದುರದೃಷ್ಟ. ಬಿಡಿಭಾಗದ ಅಂಗಡಿಯವನು ಕೊಟ್ಟ ನಕ್ಷೆ ನೋಡಿ ಬೆಸುಗೆ ಹಾಕಿದ್ದು, ಇಡೀ ಸಾಮಾನು ಸೋಪಿನ ಡಬ್ಬಿಯಲ್ಲಿ ಹಿಡಿಸುವಷ್ಟು. ಅಂಗಡಿಯವನು ಒಂದೇ ಒಂದು ಎಚ್ಚರಿಕೆ ಹೇಳಿದ. ಹೆಡ್‌ಫೋನಿನ ಒಳಗಿನ ಸುರುಳಿ ತಲೆಕೂದಲಿಗಿಂತ ತೆಳು. ಆಂಪ್ಲಿಫೈಯರಿನಿಂದ ಸದ್ದಿನ ಕರೆಂಟು ಮಾತ್ರ ಬರಬೇಕು. ಬ್ಯಾಟರಿಯದರಂಥ ನೇರ ಕರೆಂಟು ನುಗ್ಗಿದರೆ ಸುರುಳಿ ಸುಟ್ಟು ಕರಕಲು. ಆದ್ದರಿಂದ ಹೆಡ್‌ಫೋನು ಚುಚ್ಚುವ ಮೊದಲು ಖಾಲಿ ತೂತಿಗೆ ಮೀಟರ್ ಹಚ್ಚಿ ನೋಡಬೇಕು. ಹಚ್ಚಿ ನೋಡಿದರು. ಎರಡು ಮಿಲಿವೋಲ್ಟ್. ಇದು ಏನೇನೂ ಅಲ್ಲ, ವಾಲ್ಯೂಮ್ ಸೊನ್ನೆಗೆ ತಿರುಗಿಸಿ ಧೈರ್ಯವಾಗಿ ಚುಚ್ಚಿ ಎಂದ ಅಂಗಡಿಯವನು.

ಧೈರ್ಯವಾಗಿ ಎಂಬ ಮಾತು ಮರಳುಮೂಟೆಗೆ ಹಿಡಿಸಲಿಲ್ಲ. ಇವತ್ತು ಎರಡು, ನಾಳೆ ಇಪ್ಪತ್ತಾದರೆ? ಸ್ವಿಚ್ ಹಾಕಿದ ಕ್ಷಣ ಧಡ್ ಎಂದು ಹೊಡೆದರೆ? ಇನ್ನೊಂದು ಹೆಡ್‌ಫೋನು ಎಲ್ಲಿಂದ ತರುವುದು? ಸ್ವಿಚ್ ಹಾಕಿದ ಹತ್ತು ಸೆಕೆಂಡಿನ ಮೇಲೆ ದಾರಿ ಬಿಡುವ, ಏನಾದರೂ ಎಡವಟ್ಟಾದರೆ ಪಟ್ಟನೆ ದಾರಿ ಕಡಿಯುವ ಒಂದು ರಿಲೇ ಕೊಂಡುತಂದ. ಅದು ಸರಿಯಾದದ್ದೇ ಎಂದು ಅಂಗಡಿಯವನೂ ಒಪ್ಪಿದ. ಮರುವಾರ ಹೋಗಿ, ಆ ರಿಲೇ ಕೈಕೊಟ್ಟರೆ ಎಂದು ಅದನ್ನು ಕಾಯಲು ಎರಡನೆಯದನ್ನು ಕೇಳಿದ. ಅಂಗಡಿಯವನಿಗೆ ತಮಾಷೆ ಎನಿಸಿ, ಎರಡನೆಯದನ್ನು ಕಾಯುವವರು ಯಾರು ಸಾರ್ ಎಂದ. ಒಳ್ಳೆ ಮಾತು ಹೇಳಿದಿರಿ ಎಂದು ಇವನು ಮೂರನೆಯದನ್ನೂ ತಂದ. ನಾಲ್ಕನೆಯದು ಮೂರರ ಮೇಲೂ ಮೇಲ್ವಿಚಾರಣೆಗೆ.

ಸೋಪಿನ ಡಬ್ಬಿಯಷ್ಟು ಆಂಪ್ಲಿಫೈಯರು, ಅದರ ಕಾವಲು ಪಡೆಗೆ ಮಾತ್ರ ಚಪ್ಪಲಿ ಇಡುವ ಕಪಾಟು ಖಾಲಿ ಮಾಡಬೇಕಾಯಿತು. ಮನೆಯವರ ಚಪ್ಪಲಿಗಳು ಊಟದ ಮೇಜಿನ ಕೆಳಗೆ ಹೋದವು. ಕಪಾಟಿನ ಬಾಗಿಲು ತೆರೆದರೆ ಕರೆಂಟು ಕಡಿಯುವ ಸ್ವಿಚ್ಚು, ಬಿಸಿಯಾದರೆ ಬಡಿಯುವ ಗಂಟೆ, ಮೂರು ಫ್ಯೂಸು, ಕೊನೆಗೆ ಬಾಗಿಲಿಗೆ ಲಿಫ್ಟಿನಲ್ಲಿರುವಂಥ ಒಂದು ಫಲಕ: ಗರಿಷ್ಠ ಸಾಮರ್ಥ್ಯ, ಎರಡು ಕಿವಿ. ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಓದಿ, ನನ್ನದು ಒಂದೇ, ಭಾರ ಆಗಲ್ಲ ಬಿಡು ಎಂದಳು. ಅಷ್ಟು ಹೊತ್ತಿಗೆ ಅವಳ ಗೆರೆ ಹೊಸ್ತಿಲಿಂದ ಮಂಚದ ಕಾಲಿಗೆ ಬಂದಿತ್ತು.

ಇನ್ನು ಮೂಟೆ ಹಾಕುವ ಕೆಲಸ. ಸುಟ್ಟರೆ ಸುಡಲಿ ಎಂದು ಸಂತೆಯಿಂದ ನೀಲಿ ಬಣ್ಣದ ಒಂದು ಅಗ್ಗದ ಹೆಡ್‌ಫೋನು ತಂದು ಚುಚ್ಚಿದ. ಒಂದು ದಿನವಲ್ಲ, ಹದಿಮೂರು ದಿನ, ದಿನಕ್ಕೆ ಎರಡು ಹೊತ್ತು. ನೀಲಿ ಸುಡಲಿಲ್ಲ. ಹದಿನಾಲ್ಕನೆಯ ದಿನ ಅದನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಕರುಳು ಚುರುಕ್ಕೆಂದಿತು. ಇಷ್ಟು ದಿನ ನಿಯತ್ತಾಗಿ ದುಡಿದದ್ದನ್ನು ದಿನವೂ ಸಾವಿನ ಬಾಯಿಗೆ ಒಡ್ಡುವುದು ಯಾವ ನ್ಯಾಯ? ನೀಲಿಗಿಂತ ಮೊದಲು ಚುಚ್ಚಲು ಅದಕ್ಕಿಂತ ಅಗ್ಗದ ಹಸಿರು ತಂದ. ಹಸಿರಿನ ಮೇಲೂ ಮಮತೆ ಹುಟ್ಟಿತು. ಹಸಿರಿಗಿಂತ ಮೊದಲು ಪಕ್ಕದ ಮನೆಯವರು ಎಸೆದಿದ್ದ ಬಿಳಿ, ಬಿಳಿಗಿಂತ ಮೊದಲು ಒಂದೇ ಕಿವಿಯದು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಏಳು ಹೆಡ್‌ಫೋನು ಸಾಲಾಗಿ ನೇತಾಡುತ್ತಿದ್ದವು. ಹೆಂಡತಿ ಟವಲು ಹಾಕಲು ಜಾಗವಿಲ್ಲದೆ ಕಿಟಕಿಯ ಸರಳಿಗೆ ಹಾಕುತ್ತಿದ್ದಳು. ಗೆರೆ ಮಂಚದ ಕಾಲಿಂದ ಕುರ್ಚಿಗೆ ಬಂತು.

ಆಮೇಲೆ ಕಾಗದ ಪತ್ರ. ಮಾಡಿದವನೇ ತಪಾಸಣೆ ಮಾಡಿ ಸಹಿ ಹಾಕುವುದು ಅವನ ಕಚೇರಿಯಲ್ಲಿ ದೊಡ್ಡ ಅಪರಾಧ. ಆದ್ದರಿಂದ ಮನೆಯಲ್ಲಿ ಅವನು ಇಬ್ಬರಾದ. ಬನಿಯನ್ನಿನಲ್ಲಿದ್ದರೆ ತಯಾರಕ, ಇಸ್ತ್ರಿ ಅಂಗಿ ಹಾಕಿದರೆ ತಪಾಸಕ. ತಪಾಸಕ ಮೇಜಿನ ಆ ಕಡೆ ಕೂತು ನ್ಯೂನತೆಗಳ ನೋಟೀಸು ಬರೆಯುವನು. ತಯಾರಕ ಈ ಕಡೆ ಬಂದು ಓದಿ, ಮುಖ ಕಿವುಚಿ, ಹದಿನೈದು ದಿನ ಕಾಲಾವಕಾಶ ಕೋರುವನು. ತಪಾಸಕ ಅಂಗಿ ತೊಟ್ಟು ಬಂದು ಮಂಜೂರು ಮಾಡುವನು. ಒಂದು ಸಲ ತಪಾಸಕ ಕಾಲಾವಕಾಶ ಕೊಡದೆ ಸತಾಯಿಸಿದಾಗ ತಯಾರಕ ಮೇಲಧಿಕಾರಿಗೆ ದೂರು ಬರೆದದ್ದೂ ಉಂಟು. ಮೇಲಧಿಕಾರಿ ಯಾರೆಂದು ಹೊಳೆಯದೆ ಆ ಕಾಗದವನ್ನು ಹೆಂಡತಿಗೆ ಕೊಟ್ಟ. ಅವಳು ಅದರ ಹಿಂದೆ ಸಾಮಾನಿನ ಚೀಟಿ ಬರೆದಳು. ಊಟಕ್ಕೆ ಕರೆಯುವಾಗ ಇಬ್ಬರಲ್ಲಿ ಯಾರು ಬರುತ್ತೀರಿ ಎಂದು ಕೇಳುವುದು ಅವಳಿಗೆ ರೂಢಿಯಾಯಿತು.

ಇಷ್ಟೆಲ್ಲ ಹೆಡ್‌ಫೋನಿನ ಮೇಲಿನ ಕಾಳಜಿಯೋ, ಸೀನಿನ ಭಯವೋ? ಅವನನ್ನೇ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳುತ್ತಿದ್ದ. ಎರಡೂ ನಿಜವೇ. ಹೆಡ್‌ಫೋನು ಸುಟ್ಟರೆ ಅಕ್ಕನ ಆಸೆಯೂ ಸುಡುತ್ತದೆ ಎಂದು ಬೆವರುತ್ತಿದ್ದ. ಸುಡದಿದ್ದರೆ ಸಿಕ್ಕಿಬೀಳುತ್ತೇನೆಂದು ಇನ್ನೂ ಬೆವರುತ್ತಿದ್ದ. ಅಕ್ಕ ಮಾತ್ರ ದಿನವೂ ಬಾಗಿಲಲ್ಲಿ ನಿಂತು, ಆಯ್ತೇನೋ ಎಂದು ಕೇಳುವಳು. ಆಗುತ್ತಾ ಬಂತು ಎಂದು ಅವಳ ಎಡಗಿವಿಯ ಹತ್ತಿರ ಕೂಗುವನು. ಕೂಗುವ ದನಿ ವಾರವಾರಕ್ಕೂ ಏರಿಸಬೇಕಾಗುತ್ತಿತ್ತು.

ಒಂದು ಭಾನುವಾರ ಗೆರೆ ಗೋಡೆಯಿಂದ ಎರಡು ಗೇಣಿನಲ್ಲಿ ಬಿತ್ತು. ಹೆಂಡತಿ ಅದನ್ನು ನೋಡಿಬಂದು, ಅಂಗಿ ತೊಟ್ಟು ಕೂತಿದ್ದ ತಪಾಸಕನ ಮುಂದೆ ನಿಂತಳು.

"ನೋಡಿ, ನಿಮ್ಮ ಲಿಫ್ಟಿಗೆ ಹತ್ತೋರು ಒಬ್ರೇ ಇರೋದು. ಅವ್ರು ಮನೆಗೆ ಹೋದ್ಮೇಲೆ ನೀವು ಬಾಗಿಲು ತೆಗೆದು ಏನು ಮಾಡ್ತೀರಿ?"

ಮೂಟೆಗಳೆಲ್ಲ ಮುಗಿದಿದ್ದವು, ಉಳಿದದ್ದು ತಪಾಸಕ ತಾನೇ ಹತ್ತುವುದು. ಬಿಸ್ಕತ್ತಿನ ಡಬ್ಬಿ ತೆರೆದು ಅಕ್ಕನ ಹೆಡ್‌ಫೋನು ತಲೆಗೇರಿಸಿ, ಡಿಸ್ಕು ಹಾಕಿದ. ನಾಲ್ಕು ರಿಲೇಗಳು ಒಂದಾದ ಮೇಲೊಂದು ಟಕ್ ಟಕ್ ಎಂದು ನಲವತ್ತು ಸೆಕೆಂಡಿಗೆ ದಾರಿ ಬಿಟ್ಟವು. ಕುದುರೆ ದೂರದಿಂದ ಬಂತು, ಕಲ್ಲಿನ ಮೇಲೆ ಬಂತು, ಹೊಸ್ತಿಲ ಮುಂದೆ ನಿಂತಿತು. ಆಹಾ, ಎಂಥ ಕುದುರೆ. ಆಮೇಲೆ ಮೌನ. ಆಮೇಲೆ ಅದು. ಇಪ್ಪತ್ತೆರಡು ವರ್ಷದವನಾಗಿದ್ದಾಗಿನ ತನ್ನ ಮೂಗನ್ನು ಅವನು ಕಿವಿಯ ಪಕ್ಕದಲ್ಲೇ ಕೇಳಿದ. ಯಾವ ಸಂಶಯಕ್ಕೂ ಎಡೆಯಿರಲಿಲ್ಲ. ಮೈಯೆಲ್ಲ ಬೆವತು ಹೆಡ್‌ಫೋನು ತೆಗೆದಿಟ್ಟು, ತಪಾಸಣೆಯ ಪುಸ್ತಕ ಎಳೆದುಕೊಂಡು ಬರೆದ: ಅಸಹಜ ಶಬ್ದ ಕೇಳಿಬಂದಿದೆ. ಮೂಲ ಪತ್ತೆಯಾಗುವವರೆಗೆ ಬಳಕೆ ನಿಷೇಧಿಸಲಾಗಿದೆ.

ಅಕ್ಕ ಬಾಗಿಲಲ್ಲಿದ್ದಳು. ಕಿವಿ ಹೋಗುತ್ತಿದ್ದರೂ ಕಣ್ಣು ಚುರುಕಾಗಿತ್ತು. ಒಳಗೆ ಬಂದು ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಏನೋ ಅದು, ಅಸಹಜ ಶಬ್ದ?"

ಏನೋ ಗೊರಗೊರ ಎನ್ನುತ್ತಿದೆ, ಬೆಸುಗೆ ಸಡಿಲವಾಗಿರಬೇಕು ಎಂದು ಅವನು ಕೂಗಿ ಹೇಳಿದ.

"ಕುದುರೆ ನಿಂತ ಮೇಲಾ?"

ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಎರಡು ಸಣ್ಣದು, ಒಂದು ದೊಡ್ಡದಾ?"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿದಳು. ಮರಳುಮೂಟೆ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಂಗಿ ತೊಟ್ಟಿದ್ದರೂ ಆಗ ಅವನು ತಪಾಸಕನೂ ಅಲ್ಲ, ತಯಾರಕನೂ ಅಲ್ಲ. ಪರದೆಯ ಹಿಂದೆ ನಿಂತವನು.

"ಯಾವಾಗ ಗೊತ್ತಾಯ್ತು ಅಕ್ಕಾ?" ಎಂದು ಕೇಳಿದ. ಕೂಗುವುದನ್ನು ಮರೆತಿದ್ದ. ಅವಳು ತುಟಿ ನೋಡಿಯೇ ತಿಳಿದುಕೊಂಡಳು.

"ಅವತ್ತೇ. ಸದ್ದು ಮಾಡೋದೇ ನನ್ನ ಕಸುಬು, ಮನೇಲಿ ಬೆಳೆದ ಸೀನು ಗೊತ್ತಾಗಲ್ವಾ? ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಕುದುರೆ ಹೋದ್ರೆ ಹೋಗ್ಲಿ, ಬಾಗಿಲು ಇತ್ತಲ್ಲ ನಂಗೆ. ನೀನಾಗೇ ಬಂದು ಹೇಳ್ತೀಯ ಅಂತ ಎರಡು ವರ್ಷ ಕಾದೆ. ಸಿಟ್ಟೂ ಬಂದಿತ್ತು. ಆಮೇಲೆ ಸಿಟ್ಟು ಮಾಡೋದೂ ಬೇಜಾರಾಯ್ತು."

ಮತ್ತೆ ಈಗ ಕುದುರೆ ಕೇಳಬೇಕೆಂದು ಯಾಕೆ ಹಠ ಹಿಡಿದೆ ಎಂದು ಅವನು ಕೈಸನ್ನೆಯಲ್ಲೇ ಕೇಳಿದ.

"ಕುದುರೆ ಯಾರಿಗೆ ಬೇಕೋ? ಚಿಪ್ಪು ನನ್ನ ಹತ್ರಾನೇ ಇವೆ, ಕೈಗೇ ಕುದುರೆ ಗೊತ್ತು. ನಂಗೆ ಬೇಕಾಗಿರೋದು ಆ ಸೀನು. ನೀನು ಹುಡುಗನಾಗಿದ್ದಾಗಿನ ಸದ್ದು ಬೇರೆ ಎಲ್ಲೂ ಇಲ್ಲ, ನೆನಪಿಂದಲೂ ಜಾರ್ತಾ ಇದೆ. ಸೀನು ಕೇಳ್ಬೇಕು ಅಂದಿದ್ರೆ ನೀನು ಈ ಡಬ್ಬಿ ಶುರುನೇ ಮಾಡ್ತಿರಲಿಲ್ಲ."

ಅವನಿಗೆ ಅಳು ಬಂತು. ಐವತ್ತಮೂರು ವರ್ಷದ ಗಂಡಸು ಇಸ್ತ್ರಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಹೆಡ್‌ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಹೆಂಡತಿ ಒದ್ದೆ ಕೈಯಲ್ಲೇ ಬಂದು ಪುಸ್ತಕದ ಮೇಲೆ ಬೆರಳಿಟ್ಟಳು. ನಿಷೇಧ ಬರೆದಿರುವುದು ನೀವು, ಅದನ್ನು ತೆಗೆಯದೆ ಹೇಗೆ ಚುಚ್ಚುತ್ತೀರಿ ಎಂದಳು. ಅವಳು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿತ್ತು. ಅವನು ಪೆನ್ನು ತೆಗೆದು, ಕೆಳಗಿನ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದ: ಅಸಹಜ ಶಬ್ದದ ಮೂಲ ಪತ್ತೆಯಾಗಿದೆ. ಅದು ತಪಾಸಕನದೇ. ಬಳಕೆಗೆ ಅಡ್ಡಿಯಿಲ್ಲ. ಸಹಿ ಹಾಕಿದ. ಅಕ್ಕ ಎರಡು ಸಲ ಓದಿ, ತಾರೀಖು ಹಾಕಿಸಿದಳು.

ಅಕ್ಕ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡಳು. ಸ್ವಿಚ್ ಒತ್ತಿದ. ಒಂದನೇ ರಿಲೇ ಟಕ್. ಎರಡನೆಯದು ಟಕ್. ಮೂರನೆಯದು ಟಕ್. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ನಲವತ್ತು ಸೆಕೆಂಡಾಯಿತು, ಒಂದು ನಿಮಿಷವಾಯಿತು. ಯಾರನ್ನೂ ನಂಬದ ಆ ಮೇಲ್ವಿಚಾರಕ ಯಾಕೋ ಇವತ್ತೇ ಹಠ ಹಿಡಿದಿತ್ತು. ಇವನು ಕಪಾಟಿನ ಬಾಗಿಲು ತೆರೆದರೆ ಕರೆಂಟು ಹೋಯಿತು. ಮುಚ್ಚಿದರೆ ಗಂಟೆ ಬಡಿಯಿತು. ಅಕ್ಕ ಏನೂ ಕೇಳದೆ, ಆದರೂ ಕೇಳಲು ತಯಾರಾಗಿ, ನೆಟ್ಟಗೆ ಕೂತಿದ್ದಳು. ಅವಳ ಮುಖ ನೋಡಿ ಅವನು ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಅವಳ ಹೆಡ್‌ಫೋನಿನ ಪ್ಲಗ್ಗು ಕಿತ್ತುಕೊಂಡು, ಕತ್ತರಿ ಇಕ್ಕಳ ಹಿಡಿದು ನಾಲ್ಕು ರಿಲೇ, ಗಂಟೆ, ಬಾಗಿಲ ಸ್ವಿಚ್ಚು ಎಲ್ಲದರ ತಂತಿ ಕತ್ತರಿಸಿ, ಸೋಪಿನ ಡಬ್ಬಿಯೊಂದನ್ನೇ ಹೊರಗೆ ಎಳೆದು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟ. ಖಾಲಿ ತೂತಿಗೆ ಮೀಟರ್ ಹಚ್ಚಿದ. ಎರಡು ಮಿಲಿವೋಲ್ಟ್. ಐದು ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ. ವಾಲ್ಯೂಮ್ ಸೊನ್ನೆಗೆ ತಿರುಗಿಸಿ, ಕಣ್ಣು ಮುಚ್ಚಿ ಚುಚ್ಚಿದ. ಆಮೇಲೆ ನಿಧಾನವಾಗಿ ಏರಿಸಿದ.

ಕುದುರೆ ಬಂದಾಗ ಅಕ್ಕನ ಬೆರಳುಗಳು ತೊಡೆಯ ಮೇಲೆ ತಾವಾಗಿ ಕುಣಿದವು. ಕುದುರೆ ನಿಂತಿತು. ಅವಳ ಕೈಯೂ ನಿಂತಿತು. ಇದ್ದಕ್ಕಿದ್ದಂತೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮತ್ತೆ ಹಾಕು ಎಂದಳು. ಮತ್ತೆ ಹಾಕಿದ. ಆ ಬೆಳಿಗ್ಗೆ ಸತ್ತ ತಾಯಿ ಹದಿನೇಳು ಸಲ ಸೀನಿದಳು. ಕೊನೆಗೆ ಹೆಡ್‌ಫೋನು ತೆಗೆದು ಡಬ್ಬಿಗಿಡುತ್ತ ಅಕ್ಕ ಕಸುಬುದಾರಳ ಗತ್ತಿನಲ್ಲಿ ಹೇಳಿದಳು, "ಕುದುರೆ ಪರವಾಗಿಲ್ಲ. ಸೀನು ಚೆನ್ನಾಗಿ ಬಂದಿದೆ."

ಮುಂದಿನ ಭಾನುವಾರ ಅವಳು ಗಡಿಯಾರದ ಹತ್ತಿರವೂ ಸುಳಿಯಲಿಲ್ಲ. ತಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಹೆಂಡತಿ ಮೆಣಸಿನ ಪುಡಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಳು. ಅವನು ಸೀನಿದ ಹಾಗೆಲ್ಲ ಅಕ್ಕ ಒಂದೊಂದು ಹೆಜ್ಜೆ ಹಿಂದೆ ಹೋದಳು. ಕುರ್ಚಿ ದಾಟಿದಳು, ಮಂಚ ದಾಟಿದಳು, ಹೊಸ್ತಿಲು ದಾಟಿ, ನಡುಮನೆ ದಾಟಿ, ಮುಂಬಾಗಿಲ ಹೊರಗೆ ಮೆಟ್ಟಿಲಿಗೆ ಹೋಗಿ ನಿಂತಳು. ಒಳಗೆ ಮೂಗು ಕೆಂಪಗೆ ಮಾಡಿಕೊಂಡು, ಕಣ್ಣು ತುಂಬಿಕೊಂಡು, ಸಾಕೇನಕ್ಕಾ ಎಂದು ಅವನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಅದರ ಹಿಂದೆಯೇ ಬಂದ ಸೀನು ಕೇಳಿಸಿತು. ಅವಳು ಮೂರನೆಯ ಮೆಟ್ಟಿಲ ಮೇಲೆ ಕೂತು ಸೀಮೆಸುಣ್ಣದಿಂದ ಗೆರೆ ಎಳೆದಳು.